ವಿದೇಶಿ ಪ್ರವಾಸಿಗರ ಸಂಖ್ಯೆ ಏರಿದೆ ಅಂತಾರೆ, ಆನೆಗೊಂದಿಯಲ್ಲಿ ಯಾಕೆ ಕಾಣುತ್ತಿಲ್ಲ?

ಪ್ರಶ್ನೆ: ಹಂಪಿ ಪಕ್ಕದ ಆನೆಗೊಂದಿ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ, ಮೂರು ಕೋಣೆ. ಅಪ್ಪ ನಡೆಸುತ್ತಿದ್ದ ಕಾಲದಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ವಿದೇಶಿಗರೇ ತುಂಬಿರುತ್ತಿದ್ದರು. ಕೆಲವರು ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಈಗ ಬರುವವರಲ್ಲಿ ನಮ್ಮ ದೇಶದವರೇ ಜಾಸ್ತಿ. ಒಂದು ರಾತ್ರಿ ಇದ್ದು ಹೊರಡುತ್ತಾರೆ. ಆದರೆ ಪತ್ರಿಕೆ ತೆರೆದರೆ ವಿದೇಶಗಳಿಂದ ಬರುವ ಪ್ರವಾಸಿಗರ ಸಂಖ್ಯೆ ಕೋವಿಡ್‌ಗಿಂತ ಮುಂಚಿನ ಮಟ್ಟ ದಾಟಿದೆ ಅಂತ ಇರುತ್ತದೆ. ಯಾವುದು ನಿಜ? ಹಳೇ ಸೀಸನ್ ಮತ್ತೆ ಬರುತ್ತದಾ? ಅದನ್ನು ನಂಬಿ, ಸಾಲ ಮಾಡಿ ಇನ್ನೆರಡು ಕೋಣೆ ಕಟ್ಟಬಹುದಾ?

ಉತ್ತರ: ಎರಡೂ ನಿಜ. ಪತ್ರಿಕೆಯ ಅಂಕಿ ಸುಳ್ಳಲ್ಲ, ನೀವು ಕಂಡದ್ದೂ ಸುಳ್ಳಲ್ಲ. ಸರ್ಕಾರ ಎಣಿಸುವುದು ಗಡಿ ದಾಟಿ ಒಳಗೆ ಬಂದ ತಲೆಗಳನ್ನು. ನಿಮ್ಮ ಮನೆ ನಡೆಯುವುದು ರಾತ್ರಿಗಳ ಮೇಲೆ. ಈ ಎರಡು ಲೆಕ್ಕ ಜೊತೆಜೊತೆಯಾಗಿ ಏರಬೇಕು ಅಂತೇನಿಲ್ಲ. ಹಂಪಿಯ ಮಟ್ಟಿಗಂತೂ ಅವು ಎಂದೋ ಬೇರೆ ಬೇರೆ ದಾರಿ ಹಿಡಿದಿವೆ. ಕೋಣೆ ಕಟ್ಟುವ ಮಾತಿಗೆ ಕೊನೆಗೆ ಬರುತ್ತೇನೆ. ಮೊದಲು ಆ ಅಂಕಿಯ ಒಳಗೆ ಯಾರಿದ್ದಾರೆ ನೋಡೋಣ.

ಜಗತ್ತಿನ ಲೆಕ್ಕವನ್ನು ಬೇಗ ಮುಗಿಸುತ್ತೇನೆ. 1950ರಲ್ಲಿ ಎಲ್ಲ ದೇಶಗಳಿಗೂ ಸೇರಿ ಹೊರಗಿನಿಂದ ಬಂದ ಪ್ರವಾಸಿಗರು ಸುಮಾರು 2.5 ಕೋಟಿ. 2012ರಲ್ಲಿ ಈ ಸಂಖ್ಯೆ ಮೊದಲ ಸಲ 100 ಕೋಟಿ ದಾಟಿತು. 2019ರಲ್ಲಿ 146 ಕೋಟಿ ಮುಟ್ಟಿತು. ಕೋವಿಡ್ ಬಂದ 2020ರಲ್ಲಿ ಸುಮಾರು 40 ಕೋಟಿಗೆ ಬಿತ್ತು. 2024ರ ಹೊತ್ತಿಗೆ ಮತ್ತೆ 140 ಕೋಟಿ ಆಸುಪಾಸಿಗೆ ಬಂತು. ಜೆಟ್ ವಿಮಾನ, ಸಂಬಳ ಸಮೇತ ಸಿಗುವ ರಜೆ, ಆಮೇಲೆ ಬಂದ ಅಗ್ಗದ ವಿಮಾನ ಕಂಪನಿಗಳು, ಫೋನಿನಲ್ಲೇ ಆಗುವ ಬುಕಿಂಗ್. ಏರಿಕೆಗೆ ಮುಖ್ಯ ಕಾರಣಗಳು ಇವು.

ಭಾರತದ ಅಂಕಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು. 1951ರಲ್ಲಿ ಇಡೀ ದೇಶಕ್ಕೆ ಬಂದ ವಿದೇಶಿ ಪ್ರವಾಸಿಗರು ಸುಮಾರು 17 ಸಾವಿರ. 2000ದಲ್ಲಿ 26 ಲಕ್ಷ ದಾಟಿತ್ತು. 2019ರಲ್ಲಿ 1.09 ಕೋಟಿ ಆಯಿತು. 2021ರಲ್ಲಿ 15 ಲಕ್ಷಕ್ಕೆ ಇಳಿದು, 2023ರಲ್ಲಿ 95 ಲಕ್ಷಕ್ಕೆ ಏರಿತು. 2024ರಲ್ಲೂ ಒಂದು ಕೋಟಿಗೆ ಸ್ವಲ್ಪ ಕಡಿಮೆಯೇ. ಅಂದರೆ ವಿದೇಶಿ ಪಾಸ್‌ಪೋರ್ಟ್ ಇರುವವರ ಸಂಖ್ಯೆ ಇನ್ನೂ 2019ರ ಮಟ್ಟ ಮುಟ್ಟಿರಲಿಲ್ಲ. ಹಾಗಾದರೆ ಪತ್ರಿಕೆಯಲ್ಲಿ ಬಂದದ್ದು? ಅದು 'ಅಂತರರಾಷ್ಟ್ರೀಯ ಪ್ರವಾಸಿಗರು' ಅನ್ನುವ ಇನ್ನೊಂದು ಲೆಕ್ಕ. ಇದರಲ್ಲಿ ವಿದೇಶಿಗರ ಜೊತೆಗೆ ಊರಿಗೆ ಬರುವ ಅನಿವಾಸಿ ಭಾರತೀಯರೂ ಸೇರುತ್ತಾರೆ. 2019ರಲ್ಲಿ ಈ ಒಟ್ಟು 1.79 ಕೋಟಿ, 2023ರಲ್ಲಿ 1.89 ಕೋಟಿ, 2024ರಲ್ಲಿ ಎರಡು ಕೋಟಿ ದಾಟಿತು. ಏರಿದ್ದು ನಮ್ಮ ಅನಿವಾಸಿಗಳ ಸಂಖ್ಯೆ. 2019ರಲ್ಲಿ ಸುಮಾರು 70 ಲಕ್ಷ ಇದ್ದದ್ದು 2023ರಲ್ಲಿ 94 ಲಕ್ಷಕ್ಕೆ ಹೋಯಿತು. ದುಬೈಯಿಂದ ಮಂಗಳೂರಿಗೆ ತಂಗಿಯ ಮದುವೆಗೆ ಬಂದವರೂ ಆ ಸಾಲಿನಲ್ಲಿದ್ದಾರೆ. ಅವರು ಬಂದದ್ದು ಸಂತೋಷ. ಆದರೆ ಅವರಲ್ಲಿ ಎಷ್ಟು ಜನ ಆನೆಗೊಂದಿಗೆ ಬರುತ್ತಾರೆ?

ವಿದೇಶಿ ಪಾಸ್‌ಪೋರ್ಟಿನವರ ಗುಂಪನ್ನೂ ಸ್ವಲ್ಪ ಬಿಡಿಸಿ ನೋಡಿ. 2019ರಲ್ಲಿ ಅತಿ ಹೆಚ್ಚು ಜನ ಬಂದದ್ದು ಬಾಂಗ್ಲಾದೇಶದಿಂದ, 25 ಲಕ್ಷಕ್ಕೂ ಜಾಸ್ತಿ. ಚಿಕಿತ್ಸೆಗೆ, ನೆಂಟರ ಮನೆಗೆ, ಖರೀದಿಗೆ ಬರುವವರು ಅವರಲ್ಲಿ ತುಂಬಾ ಜನ. 2024ರಲ್ಲಿ ಢಾಕಾದಲ್ಲಿ ಸರ್ಕಾರ ಉರುಳಿ, ಭಾರತ ವೀಸಾ ಕೊಡುವುದನ್ನು ಬಿಗಿ ಮಾಡಿದ ಮೇಲೆ ಆ ಸಂಖ್ಯೆ ಇಳಿಯಿತು, ಅಮೆರಿಕ ಮೊದಲ ಸ್ಥಾನಕ್ಕೆ ಬಂತು. ಅಮೆರಿಕದಿಂದ ಬರುವವರಲ್ಲೂ ದೊಡ್ಡ ಪಾಲು ಭಾರತ ಮೂಲದವರು. ಮೈಸೂರಿನಲ್ಲಿ ಹುಟ್ಟಿ, ನ್ಯೂಜೆರ್ಸಿಯಲ್ಲಿ ನೆಲೆಸಿ, ಅಲ್ಲಿನ ಪೌರತ್ವ ಪಡೆದವರು ಅಜ್ಜಿಯನ್ನು ನೋಡಲು ಬಂದರೆ ಲೆಕ್ಕದಲ್ಲಿ ಅವರು ವಿದೇಶಿ ಪ್ರವಾಸಿ. ಅಂಥ ಕುಟುಂಬ ನಿಮ್ಮ ಮನೆಯಲ್ಲಿ ಉಳಿದು, ಜೋಳದ ರೊಟ್ಟಿ ತಿಂದು, ನಿಮ್ಮ ಜೊತೆ ಕನ್ನಡದಲ್ಲೇ ಮಾತಾಡಿ ಹೋಗಿರಬಹುದು. ನೀವು ಅವರನ್ನು ವಿದೇಶಿಗರ ಲೆಕ್ಕಕ್ಕೆ ಹಾಕಿರಲಿಕ್ಕಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ನಿಮ್ಮ ಅಪ್ಪನ ಕಾಲದ ಅತಿಥಿಗಳ ಕಥೆ. ಅವರು ಎಲ್ಲಿಂದ ಬಂದರು, ಯಾಕೆ ಅಷ್ಟು ದಿನ ಉಳಿಯುತ್ತಿದ್ದರು ಅಂತ ಗೊತ್ತಾದರೆ, ಅವರು ಮತ್ತೆ ಬರುತ್ತಾರಾ ಅನ್ನುವುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

1960ರ ದಶಕದ ಕೊನೆಯಿಂದ ಹಿಪ್ಪಿಗಳು ಅಂತ ಕರೆಸಿಕೊಂಡ ಯುರೋಪಿನ ಯುವಕ ಯುವತಿಯರು ನೆಲದ ದಾರಿಯಲ್ಲೇ ಭಾರತಕ್ಕೆ ಬರುತ್ತಿದ್ದರು. ಇಸ್ತಾಂಬುಲ್, ತೆಹ್ರಾನ್, ಹೆರಾತ್, ಕಾಬೂಲ್, ಖೈಬರ್ ಕಣಿವೆ, ಲಾಹೋರ್, ಅಮೃತಸರ. ಬಸ್ಸು, ವ್ಯಾನು, ಸಿಕ್ಕಿದ ಲಾರಿ. ಬರುವುದಕ್ಕೇ ವಾರಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ದೂರ ಬಂದವರು ಹತ್ತು ದಿನಕ್ಕೆ ವಾಪಸ್ ಹೋಗುತ್ತಾರಾ? ಚಳಿಗಾಲ ಪೂರ್ತಿ ಗೋವಾದ ಅಂಜುನಾ, ಕಲಂಗುಟ್ ಕಡಲ ತೀರದಲ್ಲಿ ಉಳಿಯುತ್ತಿದ್ದರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ ಆಯಿತು, ಅದೇ ವರ್ಷದ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಆ ದಾರಿ ಅಲ್ಲಿಗೆ ಮುಚ್ಚಿತು. ಆದರೆ ಗೋವಾದ ನಂಟು ಉಳಿಯಿತು. ಜನ ವಿಮಾನದಲ್ಲಿ ಬರತೊಡಗಿದರು.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗೋವಾದಿಂದ ಹೊಸಪೇಟೆಗೆ ನೇರ ರೈಲು ಮಾರ್ಗ ಇದೆ, ರಾತ್ರಿ ಬಸ್ಸುಗಳೂ ಬಂದವು. ಗೋವಾದ ಗದ್ದಲ ಸಾಕಾದವರಿಗೆ ಹಂಪಿ ಮುಂದಿನ ನಿಲ್ದಾಣ ಆಯಿತು. 1992ರಲ್ಲಿ ಭಾರತ ಮತ್ತು ಇಸ್ರೇಲ್ ನಡುವೆ ಪೂರ್ಣ ರಾಜತಾಂತ್ರಿಕ ಸಂಬಂಧ ಶುರುವಾಯಿತು. ಕಡ್ಡಾಯ ಸೇನಾ ಸೇವೆ ಮುಗಿಸಿದ ಇಸ್ರೇಲಿ ಹುಡುಗ ಹುಡುಗಿಯರು ಕೆಲವು ತಿಂಗಳು ಅಲೆಯಲು ಭಾರತಕ್ಕೆ ಬರುವುದು ಒಂದು ರೂಢಿಯೇ ಆಯಿತು. ಹಂಪಿಯಿಂದ ಹೊಳೆಯಾಚೆ ಇರುವ ವಿರೂಪಾಪುರ ಗದ್ದೆ ಅನ್ನುವ ಊರಿನಲ್ಲಿ ಹೀಬ್ರೂ ಬೋರ್ಡುಗಳು, ಫಲಾಫೆಲ್, ಶಕ್ಷುಕಾದಂಥ ಅವರ ತಿಂಡಿಗಳು ಎಲ್ಲ ಬಂದದ್ದು ಹಾಗೆ. 2000ದ ದಶಕದಿಂದ ಬಂಡೆ ಹತ್ತುವವರು ಬರತೊಡಗಿದರು. ನಿಮ್ಮ ಸುತ್ತಲಿನ ಗ್ರಾನೈಟ್ ಬಂಡೆಗಳು ಬೌಲ್ಡರಿಂಗ್, ಅಂದರೆ ಹಗ್ಗ ಇಲ್ಲದೆ ಬಂಡೆ ಹತ್ತುವ ಆಟ, ಆಡುವವರಿಗೆ ಜಗತ್ತಿನಲ್ಲೇ ಹೆಸರಾದವು. ಒಂದು ಬಂಡೆಯ ಒಂದೇ ಒಂದು ದಾರಿ ಹತ್ತಲು ಅವರು ವಾರ ಪೂರ್ತಿ ಹೆಣಗುತ್ತಾರೆ. ನಿಮ್ಮಂಥ ಮನೆಗೆ ಅದಕ್ಕಿಂತ ಒಳ್ಳೆಯ ಅತಿಥಿ ಇಲ್ಲ.

ಇವರೆಲ್ಲರಿಗೂ ಸಾಮಾನ್ಯವಾಗಿ ಇದ್ದದ್ದು ಬಿಡುವು. ಕೈಯಲ್ಲಿ ಆರು ತಿಂಗಳ ವೀಸಾ, ದಿನಕ್ಕೆ ಕಡಿಮೆ ಖರ್ಚು, ವಾಪಸ್ ಹೋಗುವ ದಿನ ಇನ್ನೂ ಗೊತ್ತಿಲ್ಲ. ಮುಂದಿನ ಊರು ಯಾವುದು ಅಂತ ಪಕ್ಕದ ಕೋಣೆಯವರು ಹೇಳಬೇಕು, ಇಲ್ಲಾ ಕೈಲಿರುವ ಗೈಡ್ ಪುಸ್ತಕ ಹೇಳಬೇಕು. ಆ ಪುಸ್ತಕದಲ್ಲಿ ಎರಡು ಸಾಲು ಬಂದರೆ ಮುಂದಿನ ಆವೃತ್ತಿ ಬರುವವರೆಗೆ ಕೋಣೆ ತುಂಬುತ್ತಿತ್ತು.

ಇದು ಹೇಗೆ ಮುರಿಯಿತು? ಒಂದೇ ಹೊಡೆತಕ್ಕಲ್ಲ. 2011ರ ಜುಲೈನಲ್ಲಿ ಹಂಪಿ ಬಜಾರಿನ ಮನೆ, ಅಂಗಡಿಗಳನ್ನು ತೆರವು ಮಾಡಿದರು. ವಿರೂಪಾಪುರ ಗದ್ದೆಯ ರೆಸಾರ್ಟ್‌ಗಳು ಅಕ್ರಮ ಅಂತ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ಅವನ್ನು ಕೆಡವಿದರು. ಸ್ಮಾರಕ ಉಳಿಯಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅಲ್ಲಿ ದುಡಿಯುತ್ತಿದ್ದ ಕುಟುಂಬಗಳಿಗೆ ಬೇರೆ ಜಾಗ ಮೊದಲೇ ಸಿದ್ಧ ಇರಬೇಕಿತ್ತು ಅನ್ನುವುದೂ ಅಷ್ಟೇ ಗಟ್ಟಿ ಅಭಿಪ್ರಾಯ. ಅದೇ ಮಾರ್ಚ್‌ನಲ್ಲಿ ಕೋವಿಡ್‌ನಿಂದ ವೀಸಾಗಳೇ ನಿಂತವು. ಸಾಮಾನ್ಯ ವಿಮಾನದಲ್ಲಿ ಬರುವ ಪ್ರವಾಸಿಗರಿಗೆ ಬಾಗಿಲು ತೆರೆದದ್ದು 2021ರ ನವೆಂಬರ್‌ನಲ್ಲಿ. ಐದು ವರ್ಷದ ಹಳೇ ಇ-ವೀಸಾಗಳಿಗೆ ಮತ್ತೆ ಜೀವ ಬಂದದ್ದು 2022ರ ಮಾರ್ಚ್‌ನಲ್ಲಿ, ಅಷ್ಟೊತ್ತಿಗೆ ನಿಮ್ಮ ಸೀಸನ್ ಮುಗಿದಿತ್ತು. ಬ್ರಿಟಿಷರಿಗೆ ಇ-ವೀಸಾ ಮತ್ತೆ ಸಿಕ್ಕಿದ್ದು 2022ರ ಡಿಸೆಂಬರ್‌ನಲ್ಲಿ. ಲೆಕ್ಕ ಹಾಕಿ, ಒಂದು ಚಳಿಗಾಲ ಪೂರ್ತಿ, ಎರಡನೆಯದು ಬಹುಪಾಲು, ಮೂರನೆಯದರಲ್ಲೂ ಒಂದಷ್ಟು ಕೈ ಬಿಟ್ಟುಹೋಯಿತು. ಬಾಯಿಂದ ಬಾಯಿಗೆ ನಡೆಯುವ ವ್ಯವಹಾರದಲ್ಲಿ ಇದು ಸಣ್ಣ ವಿಷಯ ಅಲ್ಲ. ಕಳೆದ ವರ್ಷ ಬಂದವರು ಈ ವರ್ಷದವರಿಗೆ ಹೇಳಬೇಕು. ಹೇಳುವವರೇ ಇಲ್ಲದೆ ಕೊಂಡಿ ಕಳಚಿತು.

ಗೋವಾದಲ್ಲಿ ಆದದ್ದು ಇನ್ನೂ ಮುಖ್ಯ. 2019ರಲ್ಲಿ ಗೋವಾಕ್ಕೆ ಬಂದ ವಿದೇಶಿಗರು ಒಂಬತ್ತು ಲಕ್ಷಕ್ಕೂ ಹೆಚ್ಚು. 2023ರಲ್ಲಿ ಸುಮಾರು ನಾಲ್ಕೂವರೆ ಲಕ್ಷ. ಅರ್ಧಕ್ಕೆ ಅರ್ಧ ಕಡಿಮೆ. 2019ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಥಾಮಸ್ ಕುಕ್ ಕಂಪನಿ ಮುಳುಗಿತು, ಪ್ರವಾಸಿ ಗುಂಪುಗಳಿಗೆ ಅಂತಲೇ ಹಾರಿಸುತ್ತಿದ್ದ ಅದರ ಚಾರ್ಟರ್ ವಿಮಾನಗಳು ನಿಂತವು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಯಿತು, ರಷ್ಯನ್ನರ ಚಾರ್ಟರ್‌ಗಳಿಗೂ ಪೆಟ್ಟು ಬಿತ್ತು. ನಿಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಬಹಳ ಜನ ಗೋವಾದಿಂದ ಬರುತ್ತಿದ್ದವರು. ಕೆರೆಯೇ ಅರ್ಧ ಆದ ಮೇಲೆ ಕಾಲುವೆಯ ಕೊನೆಯ ಗದ್ದೆಗೆ ಎಷ್ಟು ನೀರು ಬಂದೀತು? ಇದೇ ಹೊತ್ತಿಗೆ ಗೋವಾಕ್ಕೆ ಹೋಗುವ ನಮ್ಮ ದೇಶದವರ ಸಂಖ್ಯೆ 2024ರಲ್ಲಿ ಹೆಚ್ಚುಕಡಿಮೆ ಒಂದು ಕೋಟಿ ಆಯಿತು. ಹಾಗಾಗಿ ಗೋವಾದವರಿಗೆ ಹೋಟೆಲು ಖಾಲಿ ಅನ್ನಿಸಿಲ್ಲ. ನಷ್ಟ ಕಂಡದ್ದು ಅದರ ಹಿಂದೆ ಇದ್ದ ಹಂಪಿ, ಗೋಕರ್ಣದಂಥ ಊರುಗಳಿಗೆ.

ಆ ಜನ ಪ್ರವಾಸ ಬಿಟ್ಟಿಲ್ಲ. ಬೇರೆ ಕಡೆ ಹೋಗುತ್ತಿದ್ದಾರೆ. ಶ್ರೀಲಂಕಾಕ್ಕೆ 2021ರಲ್ಲಿ ಎರಡು ಲಕ್ಷ ಜನವೂ ಬಂದಿರಲಿಲ್ಲ, 2024ರಲ್ಲಿ ಇಪ್ಪತ್ತು ಲಕ್ಷ ದಾಟಿದರು. ವಿಯೆಟ್ನಾಂ 2023ರ ಆಗಸ್ಟ್‌ನಿಂದ ಎಲ್ಲ ದೇಶದವರಿಗೂ 90 ದಿನದ ಇ-ವೀಸಾ ಕೊಡುತ್ತಿದೆ. ಥಾಯ್ಲೆಂಡ್ 2024ರಲ್ಲಿ ಹೊಸ ವೀಸಾ ತಂದಿತು. ಲ್ಯಾಪ್‌ಟಾಪ್ ಹಿಡಿದು ಎಲ್ಲಿಂದಲಾದರೂ ಕೆಲಸ ಮಾಡುವವರು ಐದು ವರ್ಷದ ಅವಧಿಯಲ್ಲಿ, ಒಂದು ಸಲಕ್ಕೆ 180 ದಿನದವರೆಗೆ ಅಲ್ಲಿ ಇರಬಹುದು. ನನ್ನ ಪ್ರಕಾರ ಹಳೇ ಹಿಪ್ಪಿಗಳ ಜಾಗಕ್ಕೆ ಇವತ್ತು ಬಂದವರು ಇವರೇ. ತಿಂಗಳುಗಟ್ಟಲೆ ಒಂದೇ ಊರಲ್ಲಿ ಇರುವವರು ಇವರೇ. ಅವರಿಗೆ ಬೇಕಾದದ್ದು ಗಟ್ಟಿ ಇಂಟರ್‌ನೆಟ್, ಕೈಕೊಡದ ಕರೆಂಟು, ಕಾನೂನು ಒಪ್ಪುವ ವೀಸಾ. ಭಾರತದ ಪ್ರವಾಸಿ ವೀಸಾದಲ್ಲಿ ಕೆಲಸ ಮಾಡಲು ಅವಕಾಶ ಇಲ್ಲ. ಇದು ನಿಮ್ಮ ಕೈಯಲ್ಲಿರುವ ವಿಷಯ ಅಲ್ಲ, ದೆಹಲಿಯಲ್ಲಿ ತೀರ್ಮಾನ ಆಗಬೇಕಾದದ್ದು.

ಇನ್ನೊಂದು ಕಾರಣ ಇದೆ. ಅದನ್ನು ಯಾರೂ ಕಾರಣ ಅಂತ ಅಂದುಕೊಳ್ಳುವುದೇ ಇಲ್ಲ: ದಾರಿ ಸುಲಭ ಆದದ್ದು. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಯಿತು. 2017ರಲ್ಲಿ ಸಣ್ಣ ಊರುಗಳಿಗೆ ವಿಮಾನ ತರುವ ಉಡಾನ್ ಯೋಜನೆಯಲ್ಲಿ ತೋರಣಗಲ್ಲಿನ ವಿದ್ಯಾನಗರಕ್ಕೆ ವಿಮಾನ ಬಂತು. ಹೆದ್ದಾರಿ ಅಗಲ ಆಯಿತು. 2014ರ ನವೆಂಬರ್‌ನಲ್ಲಿ ಶುರುವಾದ ಇ-ವೀಸಾ ಮೊದಲು ಕೊಟ್ಟದ್ದು 30 ದಿನ. ದಾರಿ ಕಷ್ಟ ಇದ್ದಾಗ ಕಡಿಮೆ ಜನ ಬಂದು ಹೆಚ್ಚು ದಿನ ಇರುತ್ತಿದ್ದರು. ಈಗ ಬೆಂಗಳೂರಿನ ಕಂಪನಿಗೆ ಕೆಲಸದ ಮೇಲೆ ಬಂದ ಜರ್ಮನ್ ಇಂಜಿನಿಯರ್ ಶುಕ್ರವಾರ ರಾತ್ರಿ ಹೊರಟು, ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಇರಬಹುದು. ವಿಠ್ಠಲ ದೇವಸ್ಥಾನದಲ್ಲಿ 600 ರೂಪಾಯಿ ಟಿಕೆಟ್ ತೆಗೆದುಕೊಂಡರೆ ಅವರು ಸ್ಮಾರಕದ ಲೆಕ್ಕಕ್ಕೆ ಸೇರಿದರು. ಗೋಲ್ಡನ್ ಚಾರಿಯಟ್ ರೈಲಿನಲ್ಲಿ ಬರುವವರಂತೂ ಹಗಲು ಹಂಪಿ ನೋಡಿ, ರಾತ್ರಿ ರೈಲಿನಲ್ಲೇ ಮಲಗುತ್ತಾರೆ. ಅವರೂ ಹಂಪಿಗೆ ಬಂದ ವಿದೇಶಿಗರೇ. ನಿಮ್ಮ ಊರಿಗೆ ಸಿಕ್ಕ ರಾತ್ರಿ ಸೊನ್ನೆ.

ಹೀಗೆ ಬೇಗ ಬಂದು ಬೇಗ ಹೋಗುವುದು ವಿದೇಶಿಗರ ಗುಣ ಅಂತ ತಿಳಿಯಬೇಡಿ. ನಮ್ಮವರನ್ನೇ ನೋಡಿ. 1991ರಲ್ಲಿ ಭಾರತದಿಂದ ಹೊರಗೆ ಹೋದವರು 20 ಲಕ್ಷಕ್ಕೂ ಕಡಿಮೆ. 2024ರಲ್ಲಿ ಮೂರು ಕೋಟಿ ದಾಟಿದರು. ಇದರಲ್ಲಿ ಕೆಲಸಕ್ಕೆ, ಓದಿಗೆ ಹೋದವರೂ ಇದ್ದಾರೆ. ಆದರೆ 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ನಮಗೆ ವೀಸಾ ಬೇಡ ಅಂದ ಮೇಲೆ ದಾವಣಗೆರೆ, ಹುಬ್ಬಳ್ಳಿಯ ಕುಟುಂಬಗಳೂ ಸುಲಭವಾಗಿ ಹೋಗಿ ಬರುತ್ತಿವೆ. ಐದು ರಾತ್ರಿಯಲ್ಲಿ ಬ್ಯಾಂಕಾಕ್, ಪಟ್ಟಾಯ, ಆಗುವುದಾದರೆ ಫುಕೆಟ್ ಕೂಡ. ರಜೆ ಇರುವುದೇ ಅಷ್ಟು, ಏನು ಮಾಡುತ್ತಾರೆ ಹೇಳಿ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ, ಸಂಜೆ ಬಂಡೆ ಮೇಲೆ ಫೋಟೋ ತೆಗೆದು, ಬೆಳಿಗ್ಗೆ ಹೊರಡುವ ನಿಮ್ಮ ಇವತ್ತಿನ ಅತಿಥಿಗೂ ಅದೇ ಒತ್ತಡ ಇದೆ. ಅವರನ್ನು ಎರಡನೇ ದರ್ಜೆ ಗಿರಾಕಿ ಅಂತ ಕಾಣಬೇಡಿ. ಕೋವಿಡ್ ಮುಗಿದ ಕೂಡಲೇ ನಿಮ್ಮ ಮನೆಗೆ ಮೊದಲು ಬಂದವರು ಅವರೇ ಅಲ್ವಾ?

ಹಾಗಾದರೆ ಹಳೇ ಸೀಸನ್ ಮತ್ತೆ ಬರುತ್ತದಾ? ಅದೇ ರೂಪದಲ್ಲಿ ಬರುವುದಿಲ್ಲ ಅಂತ ನಾನು ನೇರವಾಗಿ ಹೇಳುತ್ತೇನೆ. ಆ ಸೀಸನ್ ನಿಂತಿದ್ದದ್ದು ಗೋವಾದ ವಿದೇಶಿಗರು, ಗದ್ದೆಯ ಅಗ್ಗದ ಕೋಣೆಗಳು, ಉದ್ದದ ಬಿಡುವು, ಈ ಮೂರರ ಮೇಲೆ. ಗದ್ದೆ ಹೋಯಿತು, ಗೋವಾ ಬದಲಾಯಿತು, ಬಿಡುವು ಇರುವವರನ್ನು ಬೇರೆ ದೇಶಗಳು ಕರೆದುಕೊಳ್ಳುತ್ತಿವೆ. ಹಾಗಂತ ನಿಮ್ಮ ಹೋಂಸ್ಟೇಗೆ ಭವಿಷ್ಯ ಇಲ್ಲ ಅಂತಲ್ಲ. ಮೂರು ಕೋಣೆಯ ಮನೆಗೆ ಲಕ್ಷ ಜನ ಬೇಕಾಗಿಲ್ಲ. ತಲಾ ಒಂದು ಕೋಣೆ ಹಿಡಿದು ಒಂದು ವಾರ ಉಳಿಯುವ ಮೂವತ್ತು ಜನ ಸಿಕ್ಕರೆ ಇನ್ನೂರ ಹತ್ತು ರಾತ್ರಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಮೂರು ಕೋಣೆಗೆ ಇರುವ ಒಟ್ಟು ರಾತ್ರಿಗಳು ಸುಮಾರು 360. ಅರ್ಧಕ್ಕಿಂತ ಜಾಸ್ತಿ ಅಲ್ಲಿಗೇ ತುಂಬಿತು.

ಅಂಥವರು ಯಾರು? ಮೊದಲು ಬಂಡೆ ಹತ್ತುವವರು. ಅವರಿಗೆ ವಿಯೆಟ್ನಾಂ ನಿಮ್ಮ ಬಂಡೆಗಳನ್ನು ಕೊಡಲು ಆಗುವುದಿಲ್ಲ. ಬೆಳಿಗ್ಗೆ ಐದೂವರೆಗೆ ಚಹಾ, ಮ್ಯಾಟ್ ಇಡಲು ಜಾಗ, ವಾರದ ದರ ಇದ್ದರೆ ಸಾಕು. ಆಮೇಲೆ ನಾನು ನೆನಪಿಟ್ಟುಕೊಳ್ಳಿ ಅಂದೆನಲ್ಲ, ಆ ಹೊರದೇಶದ ಕನ್ನಡ ಕುಟುಂಬಗಳು. ಲೆಕ್ಕದಲ್ಲಿ ನಿಜವಾಗಿ ಬೆಳೆಯುತ್ತಿರುವ ಗುಂಪು ಇವರದು. ಅವರ ಮಕ್ಕಳ ಶಾಲೆಗೆ ರಜೆ ಇರುವುದು ಡಿಸೆಂಬರ್‌ನಲ್ಲಿ ಮತ್ತು ಜೂನ್‌ನಿಂದ ಆಗಸ್ಟ್‌ವರೆಗೆ. ಜುಲೈ, ಆಗಸ್ಟ್ ನಿಮಗೆ ಖಾಲಿ ತಿಂಗಳು. ಆದರೆ ಆಗ ಬಿಸಿಲು ಕಡಿಮೆ, ಗದ್ದೆ ಹಸಿರಾಗಿರುತ್ತದೆ, ತುಂಗಭದ್ರಾ ಅಣೆಕಟ್ಟಿನ ಗೇಟು ತೆಗೆದರೆ ಹೊಳೆ ನೋಡುವಂತಿರುತ್ತದೆ. ಅಮೆರಿಕದಲ್ಲಿ ಬೆಳೆದ ಮಗುವಿಗೆ ಬಾಳೆನಾರಿನ ಕೆಲಸ, ಭತ್ತದ ನಾಟಿ, ಅಡುಗೆ ಮನೆಯ ರೊಟ್ಟಿ ತೋರಿಸುವುದಕ್ಕೆ ಅಪ್ಪ ಅಮ್ಮ ನಾಲ್ಕು ದಿನ ಖುಷಿಯಿಂದ ಉಳಿಯುತ್ತಾರೆ. ಹೊಳೆ ತುಂಬಿದಾಗ ತೆಪ್ಪಕ್ಕೆ ಮಾತ್ರ ಕಳಿಸಬೇಡಿ.

ಒಂದು ನೋವಿನ ವಿಷಯವನ್ನೂ ಹೇಳಲೇಬೇಕು. 2025ರ ಮಾರ್ಚ್‌ನಲ್ಲಿ ನಿಮ್ಮ ಪಕ್ಕದ ಸಾಣಾಪುರದ ಬಳಿ ರಾತ್ರಿ ಹೊತ್ತು ಒಬ್ಬ ಇಸ್ರೇಲಿ ಪ್ರವಾಸಿ ಮಹಿಳೆ ಮತ್ತು ಹೋಂಸ್ಟೇ ನಡೆಸುವ ಮಹಿಳೆಯ ಮೇಲೆ ಅತ್ಯಾಚಾರ ಆಯಿತು, ಕಾಲುವೆಗೆ ತಳ್ಳಲ್ಪಟ್ಟ ಯುವಕನೊಬ್ಬ ಸತ್ತ. ಇದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಒಬ್ಬಳೇ ಪ್ರವಾಸ ಮಾಡುವ ಹೆಣ್ಣುಮಗಳು ಇವತ್ತು ನಿಧಾನ ಪ್ರವಾಸದ, ಅಂದರೆ ಒಂದೇ ಊರಲ್ಲಿ ಹೆಚ್ಚು ದಿನ ಉಳಿಯುವ ಪ್ರವಾಸದ, ಮುಖ್ಯ ಅತಿಥಿ. ಅವಳು ಕೋಣೆಯ ಫೋಟೋಗಿಂತ ಮೊದಲು ಇದನ್ನು ಹುಡುಕಿ ಓದುತ್ತಾಳೆ. ನಿಮ್ಮ ಪುಟದಲ್ಲಿ ಸ್ಪಷ್ಟವಾಗಿ ಬರೆಯಿರಿ: ಕತ್ತಲಾದ ಮೇಲೆ ಯಾರು ಕರೆದುಕೊಂಡು ಬರುತ್ತಾರೆ, ಯಾವ ದಾರಿಯಲ್ಲಿ ದೀಪ ಇದೆ, ಯಾವ ಕಡೆ ರಾತ್ರಿ ಹೋಗಬಾರದು, ಮನೆಯಲ್ಲಿ ಹೆಂಗಸರು ಯಾರಿರುತ್ತಾರೆ. ಊರಿನ ಹೋಂಸ್ಟೇಯವರೆಲ್ಲ ಸೇರಿ ಬೀದಿ ದೀಪಕ್ಕೆ, ಪೊಲೀಸ್ ಗಸ್ತಿಗೆ ಒತ್ತಾಯ ಮಾಡಿ. ಇನ್ನೆರಡು ಕೋಣೆಗಿಂತ ಅದು ಹೆಚ್ಚು ರಾತ್ರಿಗಳನ್ನು ತಂದುಕೊಡುತ್ತದೆ ಅಂತ ನನಗೆ ಖಾತ್ರಿ ಇದೆ.

ಈಗ ಕೋಣೆಯ ಮಾತು. ಈ ವರ್ಷ ಸಾಲ ಮಾಡಬೇಡಿ. ಮೊದಲನೆಯದಾಗಿ, ನಿಮ್ಮ ಊರು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ. ಅವರ ಲಿಖಿತ ಅನುಮತಿ ಇಲ್ಲದೆ ಒಂದು ಗೋಡೆ ಎಬ್ಬಿಸಿದರೂ ವಿರೂಪಾಪುರ ಗದ್ದೆಯಲ್ಲಿ ಆದದ್ದು ನಿಮಗೂ ಆಗಬಹುದು. ಎರಡನೆಯದಾಗಿ, ತೀರ್ಮಾನಕ್ಕೆ ಬೇಕಾದ ಲೆಕ್ಕ ನಿಮ್ಮ ಮನೆಯಲ್ಲೇ ಇದೆ. ವಿದೇಶಿಗರು ಬಂದ 24 ಗಂಟೆಯೊಳಗೆ ನೀವು ಅವರ ವಿವರದ ಫಾರ್ಮ್ (ಹಿಂದೆ ಫಾರ್ಮ್-ಸಿ ಅನ್ನುತ್ತಿದ್ದದ್ದು) ತುಂಬಿ ಕಳಿಸುತ್ತೀರಲ್ಲ, ಅದರಲ್ಲಿ ಯಾವ ದೇಶ, ಎಲ್ಲಿಂದ ಬಂದರು, ಎಷ್ಟು ದಿನ ಇರುತ್ತಾರೆ, ಮುಂದೆ ಎಲ್ಲಿಗೆ ಎಲ್ಲ ಇರುತ್ತದೆ. ಹಳೇ ಪ್ರತಿಗಳು ಇದ್ದರೆ ತೆಗೆಯಿರಿ. 2018-19ರ ಸೀಸನ್ ಒಂದು ಕಡೆ, ಕಳೆದ ಸೀಸನ್ ಇನ್ನೊಂದು ಕಡೆ ಇಟ್ಟು ರಾತ್ರಿಗಳನ್ನು ಕೂಡಿಸಿ. ಎಷ್ಟು ಜನ ಗೋವಾದಿಂದ ಬಂದಿದ್ದರು, ಎಷ್ಟು ಜನ ಬೆಂಗಳೂರಿನಿಂದ ಬಂದರು ಅಂತ ಬೇರೆ ಮಾಡಿ. ನಮ್ಮ ದೇಶದ ಅತಿಥಿಗಳಿಗೂ ಇದೇ ಥರ ಒಂದು ರಿಜಿಸ್ಟರ್ ಇಡಿ. ನಿಮ್ಮ ಬಗ್ಗೆ ಅವರಿಗೆ ಯಾರು ಹೇಳಿದರು ಅನ್ನುವುದನ್ನು ತಪ್ಪದೆ ಕೇಳಿ ಬರೆದುಕೊಳ್ಳಿ.

ಈ ಸೀಸನ್ನಿಗೆ ವಾರದ ದರ, ಬಂಡೆ ಹತ್ತುವವರಿಗೆ ಬೇಕಾದ ಅನುಕೂಲ, ಸುರಕ್ಷತೆಯ ಮಾಹಿತಿ ಇಷ್ಟನ್ನು ಸರಿ ಮಾಡಿ. ಇರುವ ಮೂರು ಕೋಣೆ ಮೂರು ತಿಂಗಳು ಬಿಡದೆ ತುಂಬಿ, ನೀವು ಜನರನ್ನು ವಾಪಸ್ ಕಳಿಸುವ ಸ್ಥಿತಿ ಬಂದರೆ ಆಗ ಒಂದು ಕೋಣೆಗೆ ಅರ್ಜಿ ಹಾಕಿ. ಎರಡಕ್ಕೆ ಬೇಡ. ಮಾರ್ಚ್‌ನಲ್ಲಿ ಆ ರಾತ್ರಿಗಳ ಲೆಕ್ಕ ನನಗೂ ಕಳಿಸಿ, ಜೊತೆಗೆ ಕೂತು ನೋಡೋಣ.